ಬೌರಲ್‌ನ ಹಿತ್ತಿಲಲ್ಲಿ ಪಳಗಿದ ಕೈ

ಒಂದು ಕಡೆ ಪಳಗಿದ ಕೈ ಇನ್ನೊಂದು ಕಡೆ ಎಷ್ಟು ನೆರವಿಗೆ ಬಂದೀತು ಎಂಬುದು ಕ್ರೀಡಾ ತರಬೇತಿಯ ಮೂಲ ಪ್ರಶ್ನೆ. ನೆಟ್ಸ್‌ನಲ್ಲಿ ಕಲಿತದ್ದು ಮೈದಾನದಲ್ಲಿ ಒದಗುತ್ತದೆಂಬ ನಂಬಿಕೆಯ ಮೇಲೆಯೇ ಎಲ್ಲ ಅಭ್ಯಾಸವೂ ನಿಂತಿದೆ. ಆ ನಂಬಿಕೆಯನ್ನು ಒರೆಗೆ ಹಚ್ಚಲು ಆಸ್ಟ್ರೇಲಿಯಾದ ಬೌರಲ್‌ನ ಒಂದು ಹಿತ್ತಿಲಿಗಿಂತ ಸೊಗಸಾದ ಜಾಗ ಸಿಗುವುದು ಕಷ್ಟ.

ಶೆಪರ್ಡ್ ಬೀದಿಯ 52ನೇ ನಂಬರಿನ ಆ ಮನೆಯಲ್ಲಿ ಕ್ರಿಕೆಟಿಗ ಡಾನ್ ಬ್ರಾಡ್ಮನ್ ಬಾಲ್ಯ ಕಳೆದರು. ಹಿಂದುಗಡೆ ನೀರಿನ ತೊಟ್ಟಿ, ಅದರಡಿ ಇಟ್ಟಿಗೆಯ ದುಂಡು ಕಟ್ಟೆ. ಜೊತೆಗಾರರಿಲ್ಲದಾಗ ಹುಡುಗ ಆ ಕಟ್ಟೆಗೆ ಗಾಲ್ಫ್ ಚೆಂಡು ಎಸೆದು, ಪುಟಿದು ಬಂದದ್ದನ್ನು ಕ್ರಿಕೆಟ್ ಸ್ಟಂಪಿನಿಂದ ಹೊಡೆಯುತ್ತಿದ್ದ. ಇಲ್ಲಿ ಅಳತೆಗಳೇ ಕಥೆ ಹೇಳುತ್ತವೆ. ನಿಯಮದ ಬ್ಯಾಟು 10.8 ಸೆಂ.ಮೀ. ವರೆಗೆ ಅಗಲವಿರಬಹುದು, ಸ್ಟಂಪು 4 ಸೆಂ.ಮೀ.ಯೂ ಇಲ್ಲ, ಸಾಲದ್ದಕ್ಕೆ ದುಂಡಗೆ. ಕ್ರಿಕೆಟ್ ಚೆಂಡಿನ ವ್ಯಾಸ 7 ಸೆಂ.ಮೀ. ದಾಟುತ್ತದೆ, ಗಾಲ್ಫ್ ಚೆಂಡಿನದು ಸುಮಾರು 4.3. ಕಟ್ಟೆಯ ಮೈ ಬಾಗಿದ್ದರಿಂದ ಚೆಂಡು ಎರಡು ಸಲ ಒಂದೇ ದಿಕ್ಕಿಗೆ ಬರುವ ಭರವಸೆಯಿರಲಿಲ್ಲ. ಎಸೆದ ಕೈ ಸ್ಟಂಪು ಹಿಡಿಯುವಷ್ಟರಲ್ಲಿ ಚೆಂಡು ಎದುರಿಗಿರುತ್ತಿತ್ತು. ಬೇಲಿಯ ದುಂಡು ಗಳಕ್ಕೆ ಅದೇ ಚೆಂಡು ಎಸೆದು ಕ್ಯಾಚ್ ಹಿಡಿಯುವುದು ಇನ್ನೊಂದು ಆಟ. ಕಲಿಸುವವರು ಯಾರೂ ಇರಲಿಲ್ಲ. ಇದ್ದಿದ್ದರೆ ಮೊದಲು ಸ್ಟಂಪನ್ನೇ ಕಿತ್ತುಕೊಳ್ಳುತ್ತಿದ್ದರು.

ಟೆಸ್ಟ್‌ಗಳಲ್ಲಿ 99.94ರ ಸರಾಸರಿಯನ್ನು ಆ ತೊಟ್ಟಿಯೊಂದೇ ಕೊಟ್ಟಿತೆನ್ನುವುದು ಅತಿಯಾದೀತು. ಆದರೂ ಅಲ್ಲಿ ನಡೆದದ್ದಕ್ಕೆ ಶಾಸ್ತ್ರದ ಬೆಂಬಲವಿದೆ. ಎರಡು ಕೆಲಸಗಳಲ್ಲಿ ಸಮಾನ ಅಂಶಗಳು ಎಷ್ಟಿವೆಯೋ ಅಷ್ಟೇ ಕಲಿಕೆ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆಂದು ಮನೋವಿಜ್ಞಾನಿಗಳಾದ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ 1901ರಲ್ಲಿ ವಾದಿಸಿದರು. ದೇಹ ಒಂದೊಂದು ಚಲನೆಯನ್ನೂ ಬಿಡಿಬಿಡಿಯಾಗಿ ನೆನಪಿಡುವುದಿಲ್ಲ, ಹಲವು ಚಲನೆಗಳಿಂದ ಒಂದು ಸೂತ್ರವನ್ನು ಹೆಕ್ಕಿಕೊಳ್ಳುತ್ತದೆ ಎಂಬುದು 1975ರಲ್ಲಿ ರಿಚರ್ಡ್ ಶ್ಮಿಟ್ ಮಂಡಿಸಿದ ಸಿದ್ಧಾಂತ. 1978ರಲ್ಲಿ ಸಂಶೋಧಕರಾದ ಕೆರ್ ಮತ್ತು ಬೂತ್ ಎಂಟು ವರ್ಷದ ಮಕ್ಕಳಿಂದ ಗುರಿಯತ್ತ ಕಾಳಿನ ಚೀಲ ಎಸೆಯಿಸಿದರು. ಒಂದು ಗುಂಪಿಗೆ 3 ಅಡಿ ದೂರದಿಂದ ಅಭ್ಯಾಸ. ಇನ್ನೊಂದಕ್ಕೆ 2 ಮತ್ತು 4 ಅಡಿಗಳಿಂದ ಮಾತ್ರ. ಪರೀಕ್ಷೆ 3 ಅಡಿಯಿಂದ. ಆ ದೂರದಲ್ಲಿ ಅಭ್ಯಾಸವನ್ನೇ ಮಾಡದ ಎರಡನೇ ಗುಂಪು ಗೆದ್ದಿತು! ಬದಲಾಗುತ್ತಿದ್ದ ದೂರವೇ ಅವರಿಗೆ ಸೂತ್ರ ಕಲಿಸಿತ್ತು. ಬೌರಲ್‌ನ ಹುಡುಗನಿಗೆ ಬಾಗಿದ ಇಟ್ಟಿಗೆ ಮಾಡಿದ ಉಪಕಾರವೂ ಇಂಥದ್ದೇ ಇರಬೇಕು.

ಬೇಗ ಪುಟಿದು ಬರುವ ಚೆಂಡನ್ನು ಅಂದಾಜಿಸುವ ಕಣ್ಣು ಬೇರೆ ಆಟದಲ್ಲೂ ಕೈಬಿಡಲಿಲ್ಲ. 1939ರಲ್ಲಿ ಬ್ರಾಡ್ಮನ್ ದಕ್ಷಿಣ ಆಸ್ಟ್ರೇಲಿಯಾದ ಸ್ಕ್ವಾಷ್ ಚಾಂಪಿಯನ್ ಆದರು. ಗೋಡೆಗೆ ಬಡಿದು ಮರಳುವ ಚೆಂಡು ಅವರಿಗೆ ಹೊಸತೇನಲ್ಲವಷ್ಟೆ.

ಹೊರನೋಟದ ಹೋಲಿಕೆ ಮಾತ್ರ ಸಾಲದು ಎನ್ನಲು ಕರಾವಳಿಯ ನಿದರ್ಶನವಿದೆ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ಹಲವರು ಅದನ್ನು 100 ಮೀಟರಿಗೆ ಭಾಗಿಸಿ ಉಸೇನ್ ಬೋಲ್ಟ್‌ರ 9.58ಕ್ಕೆ ಹೋಲಿಸಿದರು. ಕ್ರೀಡಾ ಪ್ರಾಧಿಕಾರದ ಟ್ರಯಲ್ಸ್‌ಗೆ ಕರೆ ಬಂತು, ಗೌಡರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿಯ ಓಟ, ಟ್ರ್ಯಾಕಿನಲ್ಲಿ ಬೆರಳ ತುದಿಯ ಓಟ ಎಂದು ಅವರು ಕೊಟ್ಟ ಕಾರಣ ಭಾಗಾಕಾರ ಮಾಡಿದವರ ಲೆಕ್ಕಕ್ಕಿಂತ ಶಾಸ್ತ್ರೀಯವಾಗಿತ್ತು. ಕೆಸರಿನ ಓಟದ ಹಾದಿಯಲ್ಲಿ ಕೋಣಗಳ ಎಳೆತವೂ ಸೇರಿರುತ್ತದೆ. ಸಿಂಥೆಟಿಕ್ ಟ್ರ್ಯಾಕಿನಲ್ಲಿ ಅದಿಲ್ಲ.

ಬೌಲಿಂಗ್ ಯಂತ್ರಕ್ಕೂ ಇದೇ ಅಳತೆಗೋಲು. ಯಂತ್ರ ಒಂದೇ ಜಾಗಕ್ಕೆ ನೂರು ಚೆಂಡು ಹಾಕಬಲ್ಲದು. ಆದರೆ ಅದಕ್ಕೆ ಓಟವಿಲ್ಲ, ತೋಳಿಲ್ಲ, ಮಣಿಕಟ್ಟಿಲ್ಲ. ನುರಿತ ಬ್ಯಾಟರ್ ಚೆಂಡು ಬಿಡುಗಡೆಯಾಗುವ ಮೊದಲೇ ಓದುವುದು ಅವನ್ನೇ. ಒಂದು ಹೊಡೆತವನ್ನು ತಿದ್ದಿಕೊಳ್ಳಲು ಯಂತ್ರ ಸಾಕು. ಬೌಲರನನ್ನು ಓದಲು ಕಲಿಯಬೇಕಾದರೆ ಎದುರಿಗೆ ಬೌಲರನೇ ಇರಬೇಕು.