ಸಂಬಳದ ವೇಳೆಯಲ್ಲಿ ಊರ ಕೆಲಸ

ಕಂಪ್ಯೂಟರ್ ಅರ್ಧ ಸೆಕೆಂಡು ತಡ ಮಾಡಿದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? 2024ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಕೆಡಿಸಿಕೊಂಡರು. ದೂರದಿಂದ ಲಿನಕ್ಸ್ ಯಂತ್ರವೊಂದರ ಒಳಹೋಗಲು ಹಿಡಿಯುತ್ತಿದ್ದ ವೇಳೆ ಸುಮಾರು 0.3 ಸೆಕೆಂಡಿನಿಂದ 0.8ಕ್ಕೆ ಏರಿತ್ತು. ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದು, ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಝಡ್’ ಎಂಬ ಪುಟ್ಟ ತಂತ್ರಾಂಶದೊಳಗೆ ಯಾರೋ ಅಡಗಿಸಿಟ್ಟಿದ್ದ ಹಿಂಬಾಗಿಲು. ಅದು ಎಲ್ಲೆಡೆ ಹರಡಿದ್ದರೆ ಲೆಕ್ಕವಿಲ್ಲದಷ್ಟು ಸರ್ವರ್‌ಗಳ ಬೀಗದ ಕೈ ಕಳ್ಳರ ಪಾಲಾಗುತ್ತಿತ್ತು.

ಫ್ರಾಯಿಂಡ್ ಕಳ್ಳರನ್ನು ಹಿಡಿಯಲು ಕುಳಿತವರಲ್ಲ. ‘ಪೋಸ್ಟ್‌ಗ್ರೆಸ್’ ಎಂಬ ಡೇಟಾಬೇಸ್ ತಂತ್ರಾಂಶವನ್ನು ಪರೀಕ್ಷಿಸುತ್ತಿದ್ದರು. ಅದು ಮೈಕ್ರೋಸಾಫ್ಟ್‌ನ ಸ್ವತ್ತಲ್ಲ, ಮುಕ್ತ ತಂತ್ರಾಂಶ. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಪುಕ್ಕಟೆ ಬಳಸಬಹುದು. ಆದರೂ ಅದನ್ನು ಸುಧಾರಿಸುವ ಕೆಲಸಕ್ಕೆ ಕಂಪನಿ ಅವರಿಗೆ ಸಂಬಳ ಕೊಡುತ್ತಿತ್ತು.

ಇದು ಧರ್ಮಕಾರ್ಯವೇನಲ್ಲ. ಅದೇ ಪೋಸ್ಟ್‌ಗ್ರೆಸ್ ಅನ್ನು ಕಂಪನಿ ತನ್ನ ಯಂತ್ರಗಳಲ್ಲಿ ನಡೆಸಿ ಗಿರಾಕಿಗಳಿಂದ ಹಣ ಪಡೆಯುತ್ತದೆ. ದೋಷವನ್ನು ತನ್ನ ಪ್ರತಿಯಲ್ಲಷ್ಟೇ ಸರಿಪಡಿಸಿಕೊಂಡರೆ ಹೊಸ ಆವೃತ್ತಿ ಬಂದಾಗಲೆಲ್ಲ ಅದೇ ತೇಪೆಯನ್ನು ಮತ್ತೆ ಹಾಕಬೇಕು. ಪಠ್ಯಪುಸ್ತಕದ ತಪ್ಪನ್ನು ವರ್ಷವರ್ಷವೂ ಮಕ್ಕಳ ಕೈಯಲ್ಲಿ ತಿದ್ದಿಸುವುದಕ್ಕಿಂತ ಅಚ್ಚಿನಲ್ಲೇ ತಿದ್ದಿಸುವುದು ಲೇಸಲ್ಲವೇ? ಪೈಥಾನ್ ಭಾಷೆಯ ಜನಕ ಗೀಡೋ ವಾನ್ ರೋಸಮ್ 2005ರಲ್ಲಿ ಗೂಗಲ್ ಸೇರಿದಾಗ, ಅವರ ಅರ್ಧ ಕೆಲಸದ ವೇಳೆ ಪೈಥಾನ್‌ಗೇ ಮೀಸಲಾಗಿತ್ತು.

ಎಕ್ಸ್‌ಝಡ್‌ಗೆ ಆ ಭಾಗ್ಯವಿರಲಿಲ್ಲ. ಅದು ಲಿನಕ್ಸ್ ಇರುವಲ್ಲೆಲ್ಲ ಇದ್ದರೂ, ಅದನ್ನು ವರ್ಷಗಟ್ಟಲೆ ಸಂಬಳವಿಲ್ಲದೆ ಸಲಹಿದವರು ಫಿನ್ಲೆಂಡಿನ ಲಾಸ್ಸೆ ಕೊಲಿನ್. ಒಬ್ಬರ ಬಿಡುವಿನ ವೇಳೆಯಲ್ಲಿ ಎಷ್ಟೆಂದು ನಡೆದೀತು? ಕೆಲಸ ಹಿಂದೆ ಬಿತ್ತು, ದೂರುಗಳು ಬಂದವು. ಆಗ ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ನೆರವು ಬಂತು. 2021ರಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದ ಆ ಕೈಯೇ 2024ರ ಫೆಬ್ರುವರಿಯಲ್ಲಿ ವಿಷ ಬೆರೆಸಿತು.

2014ರಲ್ಲೇ ಎಚ್ಚರಿಕೆಯ ಗಂಟೆ ಬಾರಿಸಿತ್ತು. ಇಂಟರ್ನೆಟ್ಟಿನ ಗುಟ್ಟು ಕಾಯುವ ‘ಓಪನ್‌ಎಸ್‌ಎಸ್‌ಎಲ್’ನಲ್ಲಿ ‘ಹಾರ್ಟ್‌ಬ್ಲೀಡ್’ ದೋಷ ಬಯಲಾದಾಗ, ಅದಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಎಂದು ತಿಳಿಯಿತು. ನಾಚಿದ ಕಂಪನಿಗಳು ಆಮೇಲೆ ಹಣ ಕೂಡಿಸಿದವು. ಹಣ ಬೇಕು, ನಿಜ. ಆದರೆ ಇನ್ನೊಬ್ಬರು ಬರೆದ ಕೋಡನ್ನು ಸಾಲುಸಾಲಾಗಿ ಓದಿ ನೋಡುವ ಬೇಸರದ ಕೆಲಸಕ್ಕೆ ಬೇಕಾದದ್ದು ಬಲ್ಲವರ ವೇಳೆ. ಹೆಸರು ತರುವ ದೊಡ್ಡ ಯೋಜನೆಗಳಿಗೆ ನೌಕರರನ್ನು ಕೊಡುವ ಕಂಪನಿಗಳು ಇಂಥ ಸಣ್ಣ ತಂತ್ರಾಂಶಗಳಿಗೆ ವಾರಕ್ಕೆ ಅರ್ಧ ದಿನ ಬಿಟ್ಟುಕೊಟ್ಟರೆ ಅವುಗಳ ಗಂಟೇನೂ ಹೋಗುವುದಿಲ್ಲ.

ಹಿಂಬಾಗಿಲನ್ನು ಕಿತ್ತುಹಾಕಿದ ಎಕ್ಸ್‌ಝಡ್ ಆವೃತ್ತಿ 2024ರ ಮೇ ಕೊನೆಯಲ್ಲಿ ಹೊರಬಂತು. ಅದನ್ನು ಬಿಡುಗಡೆ ಮಾಡಿದವರು ಮತ್ತೆ ಅದೇ ಲಾಸ್ಸೆ ಕೊಲಿನ್.