ಮೆಣಸಿನ ಸೀಮೆಯ ನಕ್ಷತ್ರ ಸಂತೆ

ಡಿಸೆಂಬರ್ ಮೂರನೇ ವಾರ, ಸಂಜೆಗತ್ತಲಾಗುವ ಹೊತ್ತಿಗೆ ಕೊಪ್ಪದಲ್ಲಿ ನರಸಿಂಹರಾಜಪುರದ ಬಸ್ಸು ಹತ್ತಿ. ಕಿಟಕಿ ಪಕ್ಕದ ಸೀಟೇ ಬೇಕು, ಜಗಳವಾಡಿಯಾದರೂ ಹಿಡಿಯಿರಿ! ಊರು ದಾಟಿದ ಮೇಲೆ ಸ್ವಲ್ಪ ದೂರ ಬರೀ ಕತ್ತಲು. ಅಡಿಕೆ ತೋಟದ ಕತ್ತಲು, ಹೆಡ್‌ಲೈಟಿಗೆ ಸಿಕ್ಕಿ ಸಿಕ್ಕಿ ಜಾರುವ ಮಂಜು, ಯಾರದೋ ಅಂಗಳದಲ್ಲಿ ಅಡಿಕೆ ಬೇಯಿಸುವ ಹಂಡೆಯ ಬೆಂಕಿ, ಚೊಗರಿನ ಒಗರು ವಾಸನೆ. ಆಮೇಲೆ ಶುರುವಾಗುತ್ತದೆ ನೋಡಿ! ಒಂದು ಮನೆಯ ಸೂರಿಗೆ ಕೆಂಪು ನಕ್ಷತ್ರ. ತಿರುವು ಕಳೆದರೆ ಗುಡ್ಡದ ನೆತ್ತಿಯಲ್ಲಿ ಬಿಳಿಯದೊಂದು. ರಬ್ಬರ್ ತೋಟದ ಆಚೆ ನೀಲಿ, ಹಳ್ಳದ ಪಕ್ಕದಲ್ಲಿ ಹಳದಿ, ಹಲಸಿನ ಮರದ ತುದಿಗೆ ಹತ್ತಿಸಿದ್ದು ಇನ್ನೊಂದು. ಹಲಸಿನ ಮರದ ತುದಿಗೆ! ಹತ್ತಿದವನ ಧೈರ್ಯ ಮೆಚ್ಚಬೇಕು. ಶೆಟ್ಟಿಕೊಪ್ಪ ಬರುವಷ್ಟರಲ್ಲಿ ನೀವು ಎಣಿಸುವುದನ್ನು ಬಿಟ್ಟಿರುತ್ತೀರಿ.

ಪ್ರವಾಸದ ಪುರವಣಿಗಳು ವರ್ಷವರ್ಷವೂ ಡಿಸೆಂಬರಿನಲ್ಲಿ ಜರ್ಮನಿಯ ಕ್ರಿಸ್‌ಮಸ್ ಸಂತೆಗಳ ಚಿತ್ರ ಹಾಕುತ್ತವೆ. ನ್ಯೂರೆಂಬರ್ಗ್, ಡ್ರೆಸ್ಡೆನ್, ಮರದ ಮಳಿಗೆ, ಹಿಮ, ಹಬೆಯಾಡುವ ಲೋಟ. ಅವನ್ನು ನೋಡಿ ನಿಟ್ಟುಸಿರು ಬಿಡುವ ಮಲೆನಾಡಿಗರಿಗೆ ನಾನು ಹೇಳಬೇಕಾದ್ದು ಒಂದೇ: ಆ ಸಂತೆಯ ಪರಿಮಳ ಹುಟ್ಟಿದ್ದು ನಮ್ಮ ಘಟ್ಟದಲ್ಲಿ!

ಉತ್ಪ್ರೇಕ್ಷೆಯಲ್ಲ, ಕೇಳಿ. ಡ್ರೆಸ್ಡೆನ್ನಿನ ಸಂತೆ 1434ರಷ್ಟು ಹಳೆಯದು. ನ್ಯೂರೆಂಬರ್ಗಿನ ಸಂತೆಗೆ ಸಿಕ್ಕಿರುವ ಅತಿ ಹಳೆಯ ಸಾಕ್ಷಿ ಒಂದು ಮರದ ಪೆಟ್ಟಿಗೆ. ಅದರ ಮೇಲೆ ಬರೆದ ವರ್ಷ 1628. ಈಗಲೂ ಅಲ್ಲಿನ ಪೇಟೆ ಚೌಕದಲ್ಲಿ, ಮೇರಿಯಮ್ಮನ ಇಗರ್ಜಿಯ ಎದುರಿಗೆ, ಕೆಂಪು ಬಿಳಿ ಬಟ್ಟೆ ಹೊದೆಸಿದ ಮರದ ಮಳಿಗೆಗಳ ಸಾಲು ಏಳುತ್ತದೆ. ಅಲ್ಲಿ ಕೊಳ್ಳಲೇಬೇಕಾದ ತಿಂಡಿ ಲೇಬ್‌ಕೂಖೆನ್. ಜೇನು, ಬೀಜ, ಜೊತೆಗೆ ಸಾಂಬಾರ ಪದಾರ್ಥಗಳ ದೊಡ್ಡ ಪಟ್ಟಿ: ಶುಂಠಿ, ಏಲಕ್ಕಿ, ದಾಲ್ಚಿನ್ನಿ, ಲವಂಗ, ಜಾಯಿಕಾಯಿ, ಕೊತ್ತಂಬರಿ, ಹಳೆಯ ಪಾಕಗಳಲ್ಲಿ ಕರಿಮೆಣಸೂ. ಜೇನು ಅವರದೇ ಕಾಡಿನದು. ಮೆಣಸು? ನ್ಯೂರೆಂಬರ್ಗಿನ ಸುತ್ತ ಪೈನ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬುವುದಿಲ್ಲವಲ್ಲ! ಮಧ್ಯಯುಗದ ಯುರೋಪಿಗೆ ಮೆಣಸೆಂದರೆ ಪಶ್ಚಿಮ ಘಟ್ಟ, ಇಲ್ಲಿಂದ ಅರಬರ ಹಡಗು, ಅಲ್ಲಿಂದ ವೆನಿಸ್, ವೆನಿಸ್ಸಿನಿಂದ ಆಲ್ಪ್ಸ್ ಹತ್ತಿಳಿದು ನ್ಯೂರೆಂಬರ್ಗ್. ಆ ಊರು ಸಾಂಬಾರದ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟೆಂದರೆ ಕಲಬೆರಕೆ ಹಿಡಿಯಲು ನಗರಸಭೆಯ ತಪಾಸಣೆಗಾರರೇ ಇದ್ದರು. 1444ರಲ್ಲಿ ಕೇಸರಿಗೆ ಬೆರಕೆ ಮಾಡಿದ ವರ್ತಕನೊಬ್ಬನನ್ನು ಅವನ ಮಾಲಿನ ಜೊತೆಗೇ ಸುಟ್ಟರು. ಮೆಣಸಿಗೆ ಪಪ್ಪಾಯಿ ಬೀಜ ಬೆರೆಸುವವರು ಈ ಸಾಲನ್ನು ಎರಡು ಸಲ ಓದಬಹುದು.

ಇನ್ನೂ ಇದೆ! 1505ರಲ್ಲಿ ಪೋರ್ಚುಗಲ್ಲಿನಿಂದ ಫ್ರಾನ್ಸಿಸ್ಕೊ ದ ಅಲ್ಮೇಡನ ನೌಕಾಪಡೆ ನಮ್ಮ ಕರಾವಳಿಗೆ ಹೊರಟಾಗ ಅದರಲ್ಲಿ ಮೂರು ಹಡಗುಗಳಿಗೆ ದುಡ್ಡು ಹಾಕಿದ್ದವರಲ್ಲಿ ಜರ್ಮನಿಯ ಸಾಹುಕಾರರಿದ್ದರು. ಔಗ್ಸ್‌ಬರ್ಗಿನ ವೆಲ್ಸರ್, ಫುಗ್ಗರ್ ಮನೆತನಗಳು. ನ್ಯೂರೆಂಬರ್ಗಿನ ಇಮ್‌ಹೋಫ್, ಹಿರ್ಶ್‌ಫೋಗೆಲ್ ಮನೆತನಗಳು. ವೆಲ್ಸರರ ಗುಮಾಸ್ತ ಬಾಲ್ತಸಾರ್ ಸ್ಪ್ರೆಂಗರ್ ಜೊತೆಗೇ ಬಂದು, ತಿರುಗಿ ಹೋಗಿ, 1509ರಲ್ಲಿ ಪ್ರಯಾಣ ಕಥನವನ್ನು ಅಚ್ಚು ಹಾಕಿಸಿದ. ಆ ಪಡೆ ಹೊನ್ನಾವರದಲ್ಲಿ ಹಡಗು ಸುಟ್ಟು ಮುಂದೆ ಹೋದದ್ದು ನಮ್ಮ ಕಡೆಯ ಕಥೆ. ಅದೇ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಘಟ್ಟದ ಮೇಲಿನ ತೋಟಗಳ ಮಾಲು ಎತ್ತಿನ ಹೇರುಗಳಲ್ಲಿ ಇಳಿದು ಹೋಗುತ್ತಿದ್ದ ದಾರಿಗಳಲ್ಲಿ ಇಂದು ನಾವು ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುತ್ತೇವೆ, ಅಷ್ಟೇ ವ್ಯತ್ಯಾಸ.

ಈಗ ನರಸಿಂಹರಾಜಪುರದಲ್ಲಿ ಇಳಿಯಿರಿ. 1915ರವರೆಗೆ ಇದು ಎಡೇಹಳ್ಳಿ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಬಂದರು, ತರೀಕೆರೆಯಿಂದ ಕಿರುಹಳಿಯ ಪುಟಾಣಿ ರೈಲು ಬಂತು, ಹೆಸರು ಬದಲಾಯಿತು. ರೈಲು ಹೋಯಿತು, ಹೆಸರು ಉಳಿಯಿತು. ಲಕ್ಕವಳ್ಳಿಯಲ್ಲಿ ಅಣೆಕಟ್ಟು ಎದ್ದ ಮೇಲೆ ಭದ್ರೆಯ ಹಿನ್ನೀರು ಊರಿನ ಬುಡಕ್ಕೇ ಬಂತು. ಕಳೆದ ಶತಮಾನದ ನಡುಭಾಗದಿಂದೀಚೆಗೆ ಕೇರಳದ ತಿರುವಾಂಕೂರು ಸೀಮೆಯಿಂದ ಸುರಿಯಾನಿ ಕ್ರೈಸ್ತ ಕುಟುಂಬಗಳು ಒಂದರ ಹಿಂದೊಂದು ಬಂದವು. ಗುಡ್ಡ ಕಡಿದು ರಬ್ಬರ್ ನೆಟ್ಟವು, ಗದ್ದೆ ಗುತ್ತಿಗೆ ಹಿಡಿದು ಶುಂಠಿ ಹಾಕಿದವು. ಅದಕ್ಕೂ ಮೊದಲೇ ಕಾಫಿ ತೋಟಗಳ ಕೆಲಸಕ್ಕೆ ಮಂಗಳೂರು ಕಡೆಯ ಕೊಂಕಣಿ ಕೆಥೋಲಿಕರು ಘಟ್ಟ ಹತ್ತಿದ್ದರು. ಅವರ ಚಿಕ್ಕಮಗಳೂರು ಧರ್ಮಪ್ರಾಂತ್ಯ 1963ರದ್ದು. ಸುರಿಯಾನಿಗಳಲ್ಲಿ ಸಿರೋ ಮಲಬಾರಿನವರಿಗೆ ಭದ್ರಾವತಿ ಧರ್ಮಪ್ರಾಂತ್ಯ ಸಿಕ್ಕಿದ್ದು 2007ರಲ್ಲಿ. ಹೀಗೆ ಒಂದೇ ಪೇಟೆ ಬೀದಿಯಲ್ಲಿ ಎರಡು ಕ್ರಿಸ್‌ಮಸ್‌ಗಳು ಭುಜಕ್ಕೆ ಭುಜ ತಾಗಿಸಿ ಓಡಾಡುತ್ತವೆ!

ಬೀದಿಯನ್ನು ಏನೆಂದು ವರ್ಣಿಸಲಿ! ಗೊಬ್ಬರದ ಅಂಗಡಿಯ ಮುಂದೆ ಔಷಧಿ ಸಿಂಪಡಿಸುವ ಪಂಪು, ಅದರ ಪಕ್ಕದಲ್ಲೇ ನಕ್ಷತ್ರದ ಗೊಂಚಲು. ಬೇಕರಿಯ ಗಾಜಿನ ಹಿಂದೆ ಕಂದು ಪ್ಲಮ್ ಕೇಕಿನ ಗೋಡೆ. ಬಟ್ಟೆ ಅಂಗಡಿಯ ಬಾಗಿಲಲ್ಲಿ ಗಾಳಿ ತುಂಬಿದ ಸಾಂತಾ ಅತ್ತಿತ್ತ ಓಲಾಡುತ್ತಾನೆ, ಅವನ ಕಾಲ ಬುಡದಲ್ಲಿ ಹಳ್ಳಿಯ ಅಜ್ಜಿಯೊಬ್ಬಳು ಬಾಳೆಲೆಯ ಮೇಲೆ ಗಾಂಧಾರಿ ಮೆಣಸು ಹರಡಿಕೊಂಡು ಕೂತಿದ್ದಾಳೆ. ಮಿಣಿಮಿಣಿ ದೀಪದ ಪ್ಲಾಸ್ಟಿಕ್ ನಕ್ಷತ್ರಗಳೇ ಹೆಚ್ಚು, ನನಗೆ ಅವು ಅಷ್ಟಕ್ಕಷ್ಟೇ. ಬಿದಿರು ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ಒಳಗೊಂದು ಬಲ್ಬು ಇಟ್ಟ ಮನೆಯ ನಕ್ಷತ್ರವೇ ಚಂದ; ಮಂಜಿಗೆ ಕಾಗದ ತೊಯ್ದು ಜೋಲುತ್ತದೆ ನಿಜ, ಜೋಲಿದರೂ ಚಂದ.

ಪ್ಲಮ್ ಕೇಕಿಗೂ ಒಂದು ಮೆಣಸಿನ ಊರಿನ ಪುರಾಣವಿದೆ. 1883ರಲ್ಲಿ ತಲಶೇರಿಯ ಮಾಂಬಳ್ಳಿ ಬಾಪು ಎಂಬ ಬಿಸ್ಕತ್ತು ತಯಾರಕರ ಮುಂದೆ ಮರ್ಡಾಕ್ ಬ್ರೌನ್ ಎಂಬ ಬ್ರಿಟಿಷ್ ತೋಟದ ಸಾಹೇಬ ವಿಲಾಯತಿ ಕೇಕೊಂದನ್ನು ಇಟ್ಟು, ಇಂಥದ್ದೇ ಮಾಡಿಕೊಡು ಎಂದನಂತೆ. ಭಾರತದ ಮೊದಲ ಕ್ರಿಸ್‌ಮಸ್ ಕೇಕ್ ಅದೇ ಎಂಬುದು ಮಲೆಯಾಳಿಗಳ ಹೆಮ್ಮೆ. ಈಗ ಆ ಕೇಕು ಘಟ್ಟ ಹತ್ತಿ ಮಲೆನಾಡಿನ ಬೇಕರಿಯಲ್ಲಿ ನಮ್ಮದೇ ಶುಂಠಿ, ಏಲಕ್ಕಿಯ ಜೊತೆ ಬೇಯುತ್ತಿದೆ. ಕೊಂಕಣಿಯವರ ಮನೆಗೆ ಹೋದರೆ ಬೇರೆಯದೇ ಲೋಕ! ಅದು ಕುಸ್ವಾರ್: ಎಣ್ಣೆಯಲ್ಲಿ ಕರಿದು ಸಕ್ಕರೆ ಪಾಕ ಕುಡಿಸಿದ ಕಿಡಿಯೊ, ಒಳಗೆ ಎಳ್ಳು ಕೊಬ್ಬರಿ ತುಂಬಿದ ನೆವ್ರಿ, ಚಕ್ಕುಲಿ, ಗುಳಿಯೊ. ಇವೆಲ್ಲ ಒಂದು ತಟ್ಟೆಯಲ್ಲಿ ಜೋಡಿಸಿ, ಮೇಲೆ ಕಸೂತಿ ಬಟ್ಟೆ ಮುಚ್ಚಿ, ಗೌಡರ ಮನೆಗೊಂದು, ಭಟ್ಟರ ಮನೆಗೊಂದು, ಸಾಹೇಬರ ಮನೆಗೊಂದು ಹೋಗುತ್ತವೆ. ದೀಪಾವಳಿಯ ಕಡುಬಿನ ಲೆಕ್ಕ ಹೀಗೆ ಚುಕ್ತಾ. ಕ್ರಿಸ್ತಜನನದ ಗೋದಲಿ ಕಟ್ಟಲು ಹುಡುಗರು ಹಾವಸೆ ಎಬ್ಬಿಸುತ್ತಾರೆ, ಹೊಸ ಭತ್ತದ ಹುಲ್ಲು ಹಾಸುತ್ತಾರೆ, ತಟ್ಟೆಯಲ್ಲಿ ಕಾಳು ಮೊಳಕೆ ಬರಿಸಿ ಗದ್ದೆ ಮಾಡುತ್ತಾರೆ. ಬೆತ್ಲೆಹೇಮಿನಲ್ಲಿ ಇಷ್ಟು ಹಸಿರು ಇದ್ದಿರಲಾರದು! ಒಂದು ಗೋದಲಿಯಲ್ಲಿ ಕುರುಬರ ಪಕ್ಕ ತಲೆಗೆ ಹಾಳೆಟೊಪ್ಪಿ ಇಟ್ಟ ಬೊಂಬೆಯೂ ನಿಂತಿತ್ತು.

ಬೆಳಗ್ಗೆ ಎದ್ದು ಶೃಂಗೇರಿಗೆ ಹೊರಟರೆ ಬೆರಗು ಇನ್ನೊಂದು ಮಗ್ಗುಲಿಗೆ ತಿರುಗುತ್ತದೆ. ಡಿಸೆಂಬರ್ 16ರ ಆಸುಪಾಸಿನಿಂದ ಧನುರ್ಮಾಸ. ಸೂರ್ಯ ಹುಟ್ಟುವ ಮುಂಚೆಯೇ ಪೂಜೆ, ನೈವೇದ್ಯಕ್ಕೆ ಹುಗ್ಗಿ. ಹುಗ್ಗಿಯಲ್ಲಿ ಏನಿದೆ? ಹೆಸರುಬೇಳೆ, ಅಕ್ಕಿ, ತುಪ್ಪ, ಶುಂಠಿ, ಮತ್ತೆ ಅದೇ ಕಾಳುಮೆಣಸು! ಹಲ್ಲಿಗೆ ಸಿಕ್ಕ ಕಾಳು ಗಂಟಲಿನವರೆಗೆ ಬಿಸಿ ಇಳಿಸುತ್ತದೆ, ಕಿವಿ ಕೆಂಪಾಗುತ್ತದೆ. ನ್ಯೂರೆಂಬರ್ಗಿನಲ್ಲಿ ಚಳಿಗೆ ಮಸಾಲೆ ಹಾಕಿ ಕಾಯಿಸಿದ ದ್ರಾಕ್ಷಾರಸ ಕುಡಿಯುತ್ತಾರೆ. ಇಲ್ಲಿ ಜೀರಿಗೆ, ಕೊತ್ತಂಬರಿ, ಮೆಣಸು ಹುರಿದು ಪುಡಿ ಮಾಡಿದ ಕಷಾಯ. ರುಚಿಯಲ್ಲಿ ಕಷಾಯಕ್ಕೇ ನನ್ನ ಮತ, ಹಾಲು ಬೆಲ್ಲ ಸರಿಯಾಗಿ ಬಿದ್ದಿದ್ದರೆ. ಡಿಸೆಂಬರಿನ ಅದೇ ವಾರಗಳಲ್ಲಿ ಜರ್ಮನ್ ಮಗುವಿನ ಬಾಯಲ್ಲೂ ಶೃಂಗೇರಿಯ ವಟುವಿನ ಬಾಯಲ್ಲೂ ನರಸಿಂಹರಾಜಪುರದ ಹುಡುಗಿಯ ಬಾಯಲ್ಲೂ ಘಟ್ಟದ ಖಾರ. ಎಂಥ ಸೋಜಿಗ!

ಸೋಜಿಗ ಅಲ್ಲಿಗೇ ನಿಲ್ಲಲಿಲ್ಲ. ಶೃಂಗೇರಿಯ 14ನೇ ಶತಮಾನದ ವಿದ್ಯಾಶಂಕರ ದೇವಾಲಯದ ಮಂಟಪದಲ್ಲಿ 12 ರಾಶಿ ಕಂಬಗಳಿವೆ. ಸೂರ್ಯ ಯಾವ ರಾಶಿಯಲ್ಲಿದ್ದಾನೋ ಆ ಕಂಬದ ಮೇಲೆ ಬೆಳಗಿನ ಕಿರಣ ಬೀಳುವಂತೆ ಕಟ್ಟಿದ್ದಾರೆಂದು ಶೃಂಗೇರಿಯಲ್ಲಿ ಹೇಳುತ್ತಾರೆ. ಕ್ರಿಸ್‌ಮಸ್ ದಿನ ಸೂರ್ಯ ಧನುವಿನಲ್ಲಿ. ಅಂದರೆ ಒಂದು ತಾಲ್ಲೂಕಿನಲ್ಲಿ ಮೂವರು ಜೋಯಿಸರನ್ನು ಯೇಸುವಿನ ಬಳಿಗೆ ದಾರಿ ತೋರಿಸಿ ಕರೆತಂದ ನಕ್ಷತ್ರ, ಇನ್ನೊಂದು ತಾಲ್ಲೂಕಿನಲ್ಲಿ ಕಲ್ಲಿನ ಕಂಬಕ್ಕೆ ಬೆರಳಿಟ್ಟು ತಿಂಗಳು ಹೇಳುವ ಸೂರ್ಯ! ಊರ ನಡುವಿನ ಪಾರ್ಶ್ವನಾಥ ಬಸದಿ ಅದಕ್ಕಿಂತಲೂ ಹಳೆಯದು. ಅದನ್ನು ನೋಡದೆ ಬರುವವರೇ ಹೆಚ್ಚು; ನೀವು ಹಾಗೆ ಮಾಡಬೇಡಿ.

ಕೊಪ್ಪಕ್ಕೂ ಡಿಸೆಂಬರಿಗೂ ಕನ್ನಡದ ನಂಟೊಂದಿದೆ. ಕುವೆಂಪು ಹುಟ್ಟಿದ್ದು ಈ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರ ಡಿಸೆಂಬರ್ 29ರಂದು. 1967ರಲ್ಲಿ ಬಂದ 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಕಾಡಿನ ಹಾದಿಗೆ ಬೈಸಿಕಲ್ಲು ತಂದ ಪಾದ್ರಿಯ ನೆನಪಿರುತ್ತದೆ. ಈಗ ಅದೇ ಸೀಮೆಯ ಹಾದಿಯಲ್ಲಿ ಬೈಸಿಕಲ್ಲಿನ ಬದಲು ಜೀಪು, ಜೀಪಿನ ತುಂಬ ಕ್ಯಾರಲ್ ತಂಡ!

ಕ್ಯಾರಲ್ ಬಂದ ರಾತ್ರಿ ನಾನು ಜಗಲಿಯಲ್ಲಿ ಕೂತಿದ್ದೆ. ದೂರದಲ್ಲಿ ಡ್ರಮ್ಮು, ನಾಯಿಗಳ ಬೊಗಳು, ಗುಡ್ಡ ಇಳಿಯುವ ಟಾರ್ಚುಗಳು. ಮಲೆಯಾಳ, ಕನ್ನಡ, ಕೊಂಕಣಿ ಮೂರೂ ಬೆರೆತ ಹಾಡು. ಅಂಗಳಕ್ಕೆ ಬಂದು ಕುಣಿದರು, ಸಾಂತಾ ವೇಷದವನು ಸೆಖೆಗೆ ಗಡ್ಡ ಕೆಳಗೆಳೆದುಕೊಂಡು ನೀರು ಕುಡಿದ, ಮನೆಯವರು ದುಡ್ಡು ಕೊಟ್ಟರು, ಹೊರಟರು. ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಅಯ್ಯೋ, ಇದು ನಮ್ಮ ಅಂಟಿಗೆ ಪಂಟಿಗೆ! ದೀಪಾವಳಿಯ ರಾತ್ರಿಗಳಲ್ಲಿ ಇದೇ ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ ಕಡೆ ದೀಪ ಹಿಡಿದ ತಂಡ ಊರಿಂದೂರಿಗೆ ಹಾಡುತ್ತ ನಡೆಯುತ್ತದೆ. ಬಾಗಿಲು ತೆರೆಸಿ ಹಾಡುತ್ತಾರೆ, ಮನೆಯವರು ದೀಪಕ್ಕೆ ಎಣ್ಣೆ ಎರೆಯುತ್ತಾರೆ, ಅಕ್ಕಿ, ಕಾಯಿ, ಕಾಸು ಕೊಡುತ್ತಾರೆ. ಅಲ್ಲಿ ಹಣತೆ, ಇಲ್ಲಿ ನಕ್ಷತ್ರ. ಉಳಿದದ್ದೆಲ್ಲ ಅದೇ ಗದ್ದೆ ಬದು, ಅದೇ ನಾಯಿಗಳು. ಬಾಗಿಲು ತೆಗೆಯುವ ಅಜ್ಜಿಗೆ ಎರಡಕ್ಕೂ ಒಂದೇ ಖುಷಿ.

ಆದರೆ ಇಷ್ಟಕ್ಕೂ ಮಿಗಿಲಾದದ್ದು 24ರ ರಾತ್ರಿ. ಸುರಿಯಾನಿ ಕ್ರೈಸ್ತರಿಗೆ ಡಿಸೆಂಬರ್ 1ರಿಂದ 25 ದಿನಗಳ ನೋಂಬು. ನಿಷ್ಠೆಯಿಂದ ಹಿಡಿದವರು ಮೀನು ಮಾಂಸ ಮುಟ್ಟುವುದಿಲ್ಲ. ಅವರ ಸಂಪ್ರದಾಯದ ಇಗರ್ಜಿಗಳಲ್ಲಿ ಆ ರಾತ್ರಿ ಅಂಗಳದಲ್ಲಿ ಗುಂಡಿ ತೋಡಿ ಬೆಂಕಿ ಹಚ್ಚುತ್ತಾರೆ. ಉರಿಗೆ ಬೀಳುವುದು ಏನು ಗೊತ್ತೇ? ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರ ಹಂಚಿದ, ಮನೆಮನೆಯಲ್ಲಿ ಅಂದಿನಿಂದ ಜೋಪಾನವಾಗಿಟ್ಟ ಒಣಗಿದ ತೆಂಗಿನ ಗರಿ! ಮೆರವಣಿಗೆ ಬೆಂಕಿಯ ಸುತ್ತ ಬರುತ್ತದೆ, ಜನ ಹಿಡಿಹಿಡಿ ಧೂಪ ಎಸೆಯುತ್ತಾರೆ. ಕುರುಬರು ಚಳಿ ಕಾಯಿಸಿಕೊಂಡ ಬೆಂಕಿ ಅದು, ಬೆತ್ಲೆಹೇಮಿನ ಹೊಲದ್ದು. ಗರಿ ಚಟಪಟ ಸಿಡಿದು ಉರಿ ಮೇಲೆದ್ದಾಗ ನಾನೂ ಒಂದು ಹೆಜ್ಜೆ ಹಿಂದೆ ಸರಿದೆ. ಪಕ್ಕದ ಪುಟ್ಟ ಹುಡುಗ ಮಾತ್ರ ಕೈ ಚಾಚಿಕೊಂಡು ಆರಾಮಾಗಿ ನಿಂತಿದ್ದ. ಪೂಜೆ ಮುಗಿದದ್ದೇ ತಡ, ನೋಂಬು ಮುರಿಯುವ ಗಡಿಬಿಡಿ! ನಡುರಾತ್ರಿ ಕಳೆದ ಮೇಲೆ ಅಪ್ಪಂ, ಸ್ಟೂ, ಮಾಂಸದ ಸಾರು. ಸ್ಟೂವಿನ ತೆಂಗಿನ ಹಾಲಿನಲ್ಲಿ ತೇಲುತ್ತಿರುವುದು, ಹೌದು, ಇಡೀ ಕಾಳುಮೆಣಸು.

ಡಿಸೆಂಬರ್ ಇಲ್ಲಿಗೇ ಮುಗಿಯುವುದಿಲ್ಲ. ತೋಟದಲ್ಲಿ ಮೆಣಸು ಕೊಯ್ಲಿಗೆ ಬಿದಿರೇಣಿ ಏರಿಸುವ ಕಾಲ. ಪಣಿಯೂರು ತಳಿಯ ಬಳ್ಳಿಯಲ್ಲಿ ಒಂದೊಂದೇ ಕಾಳು ಕೆಂಪಾಗಿರುತ್ತದೆ. ಇದೇ ಆಸುಪಾಸಿನಲ್ಲಿ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ, ತುಂಗೆಯಲ್ಲಿ ತೀರ್ಥಸ್ನಾನ, ರಾಮೇಶ್ವರನ ತೇರು, ತೆಪ್ಪೋತ್ಸವ. ಕೆಲವು ವರ್ಷ ಅದು ಕ್ರಿಸ್‌ಮಸ್ಸಿಗಿಂತ ಮುಂಚೆ, ಕೆಲವು ವರ್ಷ ಬೆನ್ನಿಗೇ. 2024ರಲ್ಲಿ ಡಿಸೆಂಬರ್ 30ರಂದು ಬಂದಿತ್ತು. ಹಾಗೆ ಬೆನ್ನಿಗೆ ಬಂದ ವರ್ಷ ಕೊಪ್ಪದ ಬಸ್ ನಿಲ್ದಾಣದಲ್ಲಿ ನಿಂತು ನೋಡಿ: ಬಲೂನು, ಪೀಪಿ, ಬಳೆಯ ಗಂಟುಗಳ ನಡುವೆ ಖರ್ಚಾಗದೆ ಉಳಿದ ನಕ್ಷತ್ರಗಳನ್ನೂ ಮಡಿಸಿಟ್ಟುಕೊಂಡು ವ್ಯಾಪಾರಿಗಳು ತೀರ್ಥಹಳ್ಳಿಯ ಬಸ್ಸಿಗೆ ನುಗ್ಗುತ್ತಾರೆ. ಜಾತ್ರೆಯಲ್ಲಿ ಅವೂ ಬಿಕರಿಯಾಗುತ್ತವೆ, ಅರ್ಧ ಬೆಲೆಗೆ. ನನ್ನ ನಕ್ಷತ್ರವನ್ನು ನಾನು ಅಲ್ಲೇ ಕೊಂಡದ್ದು.