ಚಳಿಗಾಲದ ಕೋಸು: ಗದ್ದೆ, ಒಲೆ ಮತ್ತು ಲೆಕ್ಕದ ಪುಸ್ತಕ

ಭತ್ತದ ಕೊಯ್ಲು ಮುಗಿದ ಬಳಿಕ ಶಿಕಾರಿಪುರ, ಸೊರಬ ತಾಲ್ಲೂಕುಗಳ ನೀರಿನ ಅನುಕೂಲವುಳ್ಳ ಗದ್ದೆಗಳಿಗೆ ನವಿಲುಕೋಸು ಒಪ್ಪುವ ಬೆಳೆ. ಇತ್ತೀಚೆಗೆ ನಗರದ ಹೋಟೆಲುಗಳು ಕೇಳುವ 'ಕೇಲ್' ಸೊಪ್ಪು ಇದರ ಒಡಹುಟ್ಟು. ಎಲೆಕೋಸು, ಹೂಕೋಸುಗಳೂ ಸೇರಿ ಇವೆಲ್ಲವೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಪ್ರಭೇದ. 25-30 ದಿನಗಳ ಸಸಿಯನ್ನು ನಾಟಿ ಮಾಡಿದರೆ ನವಿಲುಕೋಸು ಸುಮಾರು 45ರಿಂದ 60 ದಿನಗಳಲ್ಲಿ ಕೀಳಲು ಬರುತ್ತದೆ. ಕೇಲ್ ಗಡ್ಡೆ ಕಟ್ಟುವುದಿಲ್ಲ; ಹೊರ ಎಲೆಗಳನ್ನು ಕೊಯ್ದಂತೆಲ್ಲ ಚಿಗುರುವುದರಿಂದ ಹಣವೂ ಕಂತುಕಂತಾಗಿ ಬರುತ್ತದೆ. ಆದರೆ ಬಿಸಿಲೇರುವ ಮೊದಲೇ ಕೊಯ್ದು ಸಾಗಿಸದಿದ್ದಲ್ಲಿ ಸೊಪ್ಪು ಬಾಡಿ ತೂಕದಲ್ಲಿ ನಷ್ಟ. ಎಲೆ ತಿನ್ನುವ ಹುಳುವಿನ ಹತೋಟಿಗೆ ಪ್ರತಿ 25 ಸಾಲು ಎಲೆಕೋಸಿಗೆ 2 ಸಾಲು ಸಾಸಿವೆ ಬಿತ್ತುವ ಕ್ರಮವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದೆ.

ಅಡುಗೆಯಲ್ಲಿ ಹೊಸತೇನಿಲ್ಲ. ದಪ್ಪ ನಾರು ತೆಗೆದು ಸಣ್ಣಗೆ ಹೆಚ್ಚಿ, ಒಗ್ಗರಣೆಯಲ್ಲಿ ಬಾಡಿಸಿ ಕಾಯಿತುರಿ ಹಾಕಿದರೆ ರೊಟ್ಟಿಗೆ ಪಲ್ಯವಾಯಿತು. ನವಿಲುಕೋಸಿನ ಎಳೆ ಸೊಪ್ಪಿಗೂ ಇದೇ ವಿಧಾನ. ಅದನ್ನು ಬಿಸಾಡುವುದು ನನ್ನ ಮಟ್ಟಿಗೆ ಶುದ್ಧ ದುಂದು.

ಇನ್ನು ಲೆಕ್ಕದ ವಿಷಯ. ಜಿಎಸ್‌ಟಿಯ 0704ನೇ ಶೀರ್ಷಿಕೆಯಡಿ ಬರುವ ತಾಜಾ ಕೋಸುಗಳಿಗೆ, ಕೇಲ್ ಸೇರಿದಂತೆ, ತೆರಿಗೆಯಿಲ್ಲ. ಕೇವಲ ಇಂತಹ ವಿನಾಯಿತಿ ಸರಕು ಮಾರುವವರಿಗೆ 23ನೇ ಕಲಮಿನನ್ವಯ ನೋಂದಣಿಯೂ ಬೇಕಿಲ್ಲ. ಹೀಗಿದ್ದರೂ 2025ರ ಜುಲೈನಲ್ಲಿ ನೆರೆಯ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ, ನಾಲ್ಕು ವರ್ಷಗಳ ಸುಮಾರು 1.63 ಕೋಟಿ ರೂ. ಯುಪಿಐ ಜಮೆಯನ್ನಾಧರಿಸಿ, ಸುಮಾರು 29 ಲಕ್ಷ ರೂ. ತೆರಿಗೆಯ ನೋಟೀಸು ಬಂದದ್ದನ್ನು ಸದಸ್ಯರು ಮರೆತಿರಲಾರರು. ಬ್ಯಾಂಕಿನ ಜಮೆಯು ಮಾರಿದ್ದು ಸೊಪ್ಪೋ ಸೋಪೋ ಎಂದು ಹೇಳುವುದಿಲ್ಲ. ಆದ್ದರಿಂದ ರೈತರಿಂದ ಖರೀದಿಸಿದಾಗ ದಿನಾಂಕ, ಹೆಸರು, ತೂಕ, ಮೊತ್ತಗಳನ್ನು ನಮೂದಿಸಿದ ಚೀಟಿಗೆ ಸಹಿ ಪಡೆದಿಡತಕ್ಕದ್ದು.

ಹೆಚ್ಚು ಎಚ್ಚರ ಬೇಕಾದದ್ದು ಕಿರಾಣಿಯ ಜೊತೆಗೆ ತರಕಾರಿ ಇಡುವವರಿಗೆ. ತೆರಿಗೆಯುಳ್ಳ ಸರಕು 30 ಲಕ್ಷ, ತರಕಾರಿ 15 ಲಕ್ಷವಾದರೆ ಒಟ್ಟು ವಹಿವಾಟು 45 ಲಕ್ಷ. ಇದು 40 ಲಕ್ಷದ ಮಿತಿಯನ್ನು ದಾಟುವುದರಿಂದ ನೋಂದಣಿ ಕಡ್ಡಾಯ. ತೆರಿಗೆಯಾದರೋ ತೆರಿಗೆಯುಳ್ಳ ಸರಕಿಗೆ ಮಾತ್ರ.

ಆದಾಯ ತೆರಿಗೆಯಲ್ಲಿ ಭೇದ ಬೇರೆ. ತಾನೇ ಬೆಳೆದು ಮಾರಿದ್ದು ಕೃಷಿ ಆದಾಯ, ವಿನಾಯಿತಿಯುಂಟು. ಕೊಂಡು ಮಾರಿದ ಲಾಭ ವ್ಯಾಪಾರದ ಆದಾಯ. ಗದ್ದೆಯೂ ಅಂಗಡಿಯೂ ಉಳ್ಳವರು ಎರಡಕ್ಕೂ ಪ್ರತ್ಯೇಕ ಪುಸ್ತಕ, ಸಾಧ್ಯವಾದರೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಿಸಿಕೊಳ್ಳುವುದು ಲೇಸು.